ಮೊಣಕೈ ಸಣ್ಣತಾಯಿಯ ಮಗ ಮುಖಪುಟ ಮಾಡಿದ್ದು

ಪೆದ್ದರು ಎಲ್ಲ ಊರಲ್ಲೂ ಹುಟ್ಟುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಆದರೆ ನಾಲೆಕೊಪ್ಪಲಿನ ಪೆದ್ದನ ಪಕ್ಕದಲ್ಲಿ ನಿಲ್ಲಿಸಿದರೆ ಮಿಕ್ಕ ಊರುಗಳ ಪೆದ್ದರೆಲ್ಲ ಹೈಕೋರ್ಟು ವಕೀಲರ ಹಾಗೆ ಕಾಣುತ್ತಾರೆ. ಜಂಬ ಅಲ್ಲ ಸ್ವಾಮಿ, ಸುತ್ತ ಹದಿನಾರು ಹಳ್ಳಿ ಒಪ್ಪಿಕೊಂಡ ಮಾತು. ಒಂದು ಸಲ ಆಚೆ ದಡದವರು ಹಟಕ್ಕೆ ಬಿದ್ದು ತಮ್ಮ ಪೆದ್ದನನ್ನು ಪಂದ್ಯಕ್ಕೆ ಕರೆತಂದರು. ನಮ್ಮ ಚೆಲುವನ ಜೊತೆ ಅರ್ಧ ಗಂಟೆ ಕೂರಿಸಿದರು, ಅಷ್ಟೆ. ಅವರ ಪೆದ್ದ ಎದ್ದು ಕೈಮುಗಿದು, "ನನ್ನ ಮನೆಗೆ ಕರ್ಕೊಂಡೋಗ್ರಪ್ಪ, ಇಲ್ಲಿ ನಂಗೇನೂ ಕೆಲ್ಸಿಲ್ಲ" ಅಂದ.

ಅಂಥ ಚೆಲುವ. ಅವನ ತಾಯಿ ಸಣ್ಣತಾಯಮ್ಮ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಇದ್ದದ್ದು ಇವನೊಬ್ಬ. ಊರಿನವರು ಅವಳನ್ನು ಬರೀ ಸಣ್ಣತಾಯಿ ಅನ್ನುತ್ತಿರಲಿಲ್ಲ. ಮೊಣಕೈ ಸಣ್ಣತಾಯಿ ಅನ್ನುತ್ತಿದ್ದರು. ಯಾಕೆ ಅಂತ ಕೇಳಿ.

ಅವಳಿಗೆ ಹತ್ತೊಂಬತ್ತು ವರ್ಷ ಇದ್ದಾಗ ಊರಿನ ನಾಲೆಯ ಮೇಲೆ ಸಿನಿಮಾ ಶೂಟಿಂಗು ಬಂತು. ನಾಯಕಿ ಮಂದಾರಮಾಲಾ ಕೊಡ ಹೊತ್ತು ಮುಂದೆ, ಊರಿನ ಎಂಟು ಹುಡುಗಿಯರು ಕೊಡ ಹೊತ್ತು ಹಿಂದೆ. ಸಿನಿಮಾ ಪತ್ರಿಕೆಯ ಫೋಟೋದವನು ಎಲ್ಲರನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕು ಅಂತ ಹಿಂದೆ ಸರಿದ, ಇನ್ನೂ ಹಿಂದೆ ಸರಿದ, ಮತ್ತೂ ಹಿಂದೆ ಸರಿದ, ಏರಿಯಿಂದ ಜಾರಿ ದೊಪ್ಪನೆ ನಾಲೆಗೆ ಬಿದ್ದ. ಬೀಳುತ್ತ ಬೀಳುತ್ತಲೇ ಗುಂಡಿ ಒತ್ತಿದ, ಕ್ಯಾಮೆರಾ ನೆನೆಯದ ಹಾಗೆ ಕೈ ಮೇಲೆತ್ತಿ ಹಿಡಿದ! ಏಳು ಹುಡುಗಿಯರು ಬಾಯಿಗೆ ಸೆರಗು ಹಿಡಿದರು. ಸಣ್ಣತಾಯಿ ಮಾತ್ರ ನಕ್ಕಳು. ಕೊಡ ಅಲ್ಲಾಡಿ ನೀರು ತುಳುಕಿ ಮೈ ತೊಯ್ಯುವ ಹಾಗೆ ನಕ್ಕಳು. ಫೋಟೋದವನು ಮೇಲೆ ಬಂದು ಅಂಗಿ ಹಿಂಡುತ್ತ, "ಹುಡುಗೀ, ಈ ನಗು ಮುಖಪುಟಕ್ಕೆ ಬರತ್ತೆ, ನೋಡ್ತಿರು" ಅಂದ.

ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು. ಒಂದೂವರೆ ತಿಂಗಳು ಕಾದಳು. ಮೈಸೂರಿನಿಂದ 'ತಾರಾಬುಟ್ಟಿ' ಪತ್ರಿಕೆ ಬಂತು. ಮುಖಪುಟದ ತುಂಬ ಮಂದಾರಮಾಲಾ! ಹಿಂದಿನ ಹುಡುಗಿಯರಿಗೆಲ್ಲ ಕತ್ತರಿ. ಮಂದಾರಮಾಲಾಳ ಹೆಗಲ ಹಿಂದೆ ಯಾರದೋ ಒಂದು ಮೊಣಕೈ ಮಾತ್ರ ಕತ್ತರಿಗೆ ತಪ್ಪಿಸಿಕೊಂಡು ಉಳಿದಿತ್ತು.

"ಎಲ್ಲಮ್ಮಿ ನೀನು?" ಅಂದರು ಊರವರು.

"ಇದು ನನ್ನ ಮೊಣಕೈ" ಅಂದಳು ಸಣ್ಣತಾಯಿ.

ಅಲ್ಲಿಂದ ಅವಳು ಮೊಣಕೈ ಸಣ್ಣತಾಯಿ.

ಊರು ನಕ್ಕಿದ್ದಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಅವಳ ಸಂಕಟವೇ ಬೇರೆ. ಮದುವೆ ಫೋಟೋದಲ್ಲಿ ತಲೆ ತಗ್ಗಿಸಿದ್ದಳು. ರೇಷನ್ ಕಾರ್ಡಿನ ಫೋಟೋದಲ್ಲಿ ಕಳ್ಳಿಯ ಹಾಗೆ ಬಿಗಿದುಕೊಂಡಿದ್ದಳು. ಆ ಒಂದು ದಿನ ನಕ್ಕ ಹಾಗೆ ಹಿಂದೆ ನಕ್ಕಿರಲಿಲ್ಲ, ಮುಂದೆ ನಗುವ ಹಾಗೂ ಆಗಲಿಲ್ಲ. ಆ ನಗು ಹೇಗಿತ್ತು? ಮೂವತ್ತಮೂರು ವರ್ಷದಿಂದ ಅವಳಿಗೆ ಅದೊಂದೇ ಆಸೆ. ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಆ ನಗುವನ್ನು ಕಣ್ಣಾರೆ ನೋಡಬೇಕು.

ಒಮ್ಮೆ ಬಸ್ಸು ಹತ್ತಿ ಹೋಗಿ ತಾರಾಬುಟ್ಟಿ ಆಫೀಸಿನಲ್ಲಿ ಕೇಳಿಯೂ ಬಂದಿದ್ದಳು. "ಹಳೇ ಫೋಟೋ ಪೆಟ್ಟಿಗೆ ಹೊರಗಿನವರಿಗೆ ತೆಗೆಯೋದಿಲ್ಲಮ್ಮ" ಅಂದುಬಿಟ್ಟರು. ಹೊರಗಿನವರಿಗೆ ತಾನೆ ಇಲ್ಲ? ಒಳಗಿನವನೊಬ್ಬನಿದ್ದರೆ?

ಒಳಗೆ ಕಳಿಸಲು ಅವಳ ಹತ್ತಿರ ಇದ್ದವನು ಚೆಲುವ.

ನಗಬೇಡಿ. ಚೆಲುವನ ತಲೆ ರಜದ ಮೇಲಿತ್ತು, ನಿಜ. ಆದರೆ ಕೈ? ಅಬ್ಬಬ್ಬ! ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋದನೋ ಇಲ್ಲವೋ, ಫೋಟೋ ತಿದ್ದುವ ಸಾಫ್ಟ್‌ವೇರು ಅವನ ಬೆರಳಿಗೆ ಸಾಕಿದ ಬೆಕ್ಕಿನಂತೆ ಒಗ್ಗಿಬಿಟ್ಟಿತು. ಗಾಳಿಗೆ ಹಾರುವ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿಬಿಡುತ್ತಿದ್ದ. ಆನೆಯನ್ನು ಅಳಿಸಿದರೆ ಅಲ್ಲಿ ಆನೆ ನಿಂತಿತ್ತು ಅನ್ನುವುದು ಆನೆಗೇ ಮರೆತುಹೋಗಬೇಕು! ಆ ಕೈ ನೋಡಿಯೇ ತಾರಾಬುಟ್ಟಿಯ ಸಂಪಾದಕರು ಅಶ್ವತ್ಥಯ್ಯನವರು ಕೆಲಸ ಕೊಟ್ಟರು.

ಹೊರಡುವ ದಿನ ಸಣ್ಣತಾಯಿ ಮಗನ ತಲೆ ನೇವರಿಸಿ ಹೇಳಿದಳು. "ನೋಡು ಮಗ, ಒಂದು ವರ್ಸ ನೆಟ್ಟಗೆ ನಿಲ್ಲು. ಅವ್ರಿಗೆ ನಿನ್ ಮ್ಯಾಲೆ ನಂಬ್ಕೆ ಬರ್ಲಿ. ಆಮ್ಯಾಕೆ ನಾನೇ ಬಂದು ಒಂದ್ ಮಾತು ಕೇಳ್ತೀನಿ. ಅಲ್ಲಿಗಂಟ ಅವ್ರು ಏನಂತಾರೋ ಅಂದಂಗೇ ಮಾಡು. ನಿನ್ ಬುದ್ಧಿನ ಒಂದ್ ಚಿಟಿಕೆನೂ ಬೆರೆಸ್ಬ್ಯಾಡ!"

"ಆಯ್ತವ್ವ" ಅಂದ ಚೆಲುವ. ಅವ್ವನ ಮಾತನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡ. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಗಂಟು ಹಾಕಿಕೊಂಡ. ಬಸ್ಸು ಹತ್ತಿದ.

ಮೊದಲ ಮುಖಪುಟ ನಾಯಕನಟ ಸಿಡಿಲು ಶಂಭುವಿನದು. ಶಂಭು ಅಂದರೆ ಮೀಸೆ, ಮೀಸೆ ಅಂದರೆ ಶಂಭು. ಅಶ್ವತ್ಥಯ್ಯನವರು ಹೇಳಿದರು, "ಮುಖದ ಮೇಲೆ ಏನೇನೋ ಇದೆ ಕಣಯ್ಯ, ಎಲ್ಲಾ ಅಳಿಸಿ ಚೊಕ್ಕ ಮಾಡು."

ಚೆಲುವ ಕೂತ. ಮುಖದ ಮೇಲೆ ಮೊಡವೆ ಇತ್ತು, ಅಳಿಸಿದ. ಮಚ್ಚೆ ಇತ್ತು, ಅಳಿಸಿದ. ಮೀಸೆ ಇತ್ತು, ಅಳಿಸಿದ. ಹುಬ್ಬು ಇತ್ತು, ಅದನ್ನೂ ಅಳಿಸಿದ. ಸಂಜೆ ಹೊತ್ತಿಗೆ ಸಿಡಿಲು ಶಂಭು ಸಿಪ್ಪೆ ಸುಲಿದ ಮೊಟ್ಟೆಯಾಗಿದ್ದ.

"ಏನಯ್ಯಾ ಇದು!" ಅಶ್ವತ್ಥಯ್ಯನವರು ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು. "ಮೀಸೆ ಎಲ್ಲೋ?"

"ಮುಖದ ಮೇಲಿತ್ತು ಸಾರ್. ನೀವೇ ಅಂದ್ರಲ್ಲ, ಎಲ್ಲಾ ಅಂತ."

"ಇದನ್ನ ಅವನ ಅಭಿಮಾನಿಗಳು ನೋಡಿದ್ರೆ ನನ್ನ ಮೀಸೆ ಬೋಳಿಸ್ತಾರೆ! ನಡಿ ಮನೆಗೆ!"

ಮನೆಗೆ ಬಂದ. ಸಣ್ಣತಾಯಿ ಹಣೆ ಹಣೆ ಚಚ್ಚಿಕೊಂಡಳು. ಕೆಲಸ ಹೋದರೆ ಪೆಟ್ಟಿಗೆ ಹೋಯಿತು, ಪೆಟ್ಟಿಗೆ ಹೋದರೆ ನಗು ಹೋಯಿತು!

"ಅಯ್ಯೋ ನನ್ನ ಹಾಗಲಬಳ್ಳಿಯಾಗೆ ಬುಟ್ಟ ಕುಂಬಳಕಾಯೇ! ಹುಟ್ಟುತ್ತಾ ಬಂದದ್ದನ್ನ, ಮೈಯಾಗೆ ಬೆಳೆದದ್ದನ್ನ ಯಾರಾದ್ರೂ ತೆಗೀತಾರೇನ್ಲಾ? ಹೊರಗಿಂದ ಬಂದು ಮೆತ್ಕಂಡಿರೋದನ್ನ ತಾನೆ ತೆಗೀಬೇಕು?"

"ಓ, ಹೊರಗಿಂದ ಬಂದದ್ದು! ಆಯ್ತವ್ವ" ಅಂದ ಚೆಲುವ. ಟವೆಲ್ಲಿಗೆ ಗಂಟು ಹಾಕಿಕೊಂಡ. ಬೆಳಗ್ಗೆ ಬಸ್ಸು ಹತ್ತಿದ. ಅಶ್ವತ್ಥಯ್ಯನವರು ಅವನ ಕೈ ನೆನೆಸಿಕೊಂಡು ಬೈದು ಒಳಗೆ ಬಿಟ್ಟುಕೊಂಡರು.

ಎರಡನೆಯ ಮುಖಪುಟ ಹೊಸ ಪೌರಾಣಿಕ ಚಿತ್ರದ ಮಹಾರಾಣಿಯದು. ತಲೆಗೆ ಕಿರೀಟ, ಮೂಗಿಗೆ ನತ್ತು, ತೋಳಿಗೆ ವಂಕಿ, ಸೊಂಟಕ್ಕೆ ಡಾಬು, ಮೊಳಕಾಲಿನವರೆಗೆ ಜಡೆ. "ಒಂಚೂರು ಬೆಳಕು ಮಾಡಿ ಕೊಡು ಸಾಕು" ಅಂದು ಅಶ್ವತ್ಥಯ್ಯನವರು ಊಟಕ್ಕೆ ಹೋದರು.

ಚೆಲುವ ಬೆಳಕು ಮಾಡಿದ. ಆಮೇಲೆ ಗಂಟು ಮುಟ್ಟಿ ನೋಡಿಕೊಂಡ. ಹೊರಗಿಂದ ಬಂದದ್ದು! ಕಿರೀಟ ಹುಟ್ಟುತ್ತಾ ಬಂತೆ? ಇಲ್ಲ. ಅಳಿಸಿದ. ನತ್ತು? ಇಲ್ಲ. ಅಳಿಸಿದ. ವಂಕಿ, ಡಾಬು, ಕುಂಕುಮ, ತುಟಿಯ ಬಣ್ಣ, ಎಲ್ಲ ಅಳಿಸಿದ. ಜಡೆಯನ್ನು ಹತ್ತಿರದಿಂದ ನೋಡಿದ. ಅರ್ಧ ಜಡೆ ಚೌರಿ! ಅದನ್ನೂ ಅಳಿಸಿದ.

ಅಶ್ವತ್ಥಯ್ಯನವರು ಊಟ ಮುಗಿಸಿ ಬಂದು ನೋಡಿದರೆ ಮಹಾರಾಣಿ ಟೈಫಾಯಿಡ್ ಬಂದು ಎದ್ದವಳ ಹಾಗೆ ನಿಂತಿದ್ದಾಳೆ.

"ಒಡವೆ ಅಂಗಡಿಯವರು ಹಿಂದಿನ ಪುಟಕ್ಕೆ ಜಾಹೀರಾತು ಕೊಟ್ಟಿರೋದೇ ಆ ಒಡವೆಗೋಸ್ಕರ ಕಣೋ! ಕಳ್ಳರೂ ಇಷ್ಟು ಚೊಕ್ಕವಾಗಿ ದೋಚೋದಿಲ್ಲ! ಹೋಗು! ಎದುರಿಗೆ ನಿಲ್ಲಬೇಡ!"

ಮನೆಗೆ ಬಂದ. ಹೇಳಿದ. ಸಣ್ಣತಾಯಿಗೆ ಒಂದೇ ಗಾಬರಿ. "ಸೀರೆ? ಸೀರೆ ಏನ್ಲಾ ಮಾಡ್ದೆ?"

"ಸೀರೆ ತಾವ ಬಂದೆ ಅವ್ವ. ಅಷ್ಟರಾಗೆ ಕರೆಂಟು ಹೋಯ್ತು."

"ಕರೆಂಟಿನೋರ ಹೊಟ್ಟೆ ತಣ್ಣಗಿರ್ಲಿ!" ಸಣ್ಣತಾಯಿ ಬಾಗಿಲಿಗೇ ಕೈಮುಗಿದಳು. "ಅಯ್ಯೋ ನನ್ನ ಕುಂಬಳಕಾಯೇ! ತೆಗೆಯೋ ಕೆಲ್ಸಕ್ಕೇ ಹೋಗ್ಬ್ಯಾಡ ನೀನು. ತುಂಬೋದು ಕಲಿ! ಊಟದೆಲೆ ಬಡಿಸೋದು ಕಂಡಿಲ್ವಾ? ಒಂದ್ ಮೂಲೆ ಖಾಲಿ ಕಂಡ್ರೆ ಮರ್ಯಾದೆಯಾ? ಖಾಲಿ ಕಂಡ ಕಡೆ ತುಂಬ್ಬೇಕು, ನೋಡ್ದೋರು ಸಂತೋಷ ಪಡ್ಬೇಕು."

"ಖಾಲಿ ಕಂಡ ಕಡೆ ತುಂಬೋದು! ಆಯ್ತವ್ವ." ಟವೆಲ್ಲಿಗೆ ಗಂಟು. ಬೆಳಗ್ಗೆ ಬಸ್ಸು.

ಆ ವಾರ ಹಿರಿಯ ಪೋಷಕ ನಟ ಪಂಪಣ್ಣನವರು ತೀರಿಕೊಂಡರು. ಸಿನಿಮಾದಲ್ಲಿ ನೂರು ಸಲ ಸತ್ತು ನೂರು ಸಲ ಎದ್ದಿದ್ದ ಮನುಷ್ಯ ಈ ಸಲ ಏಳಲಿಲ್ಲ. ಅಶ್ವತ್ಥಯ್ಯನವರು ಕಣ್ಣೊರೆಸಿಕೊಂಡು ತಾವೇ ಮುಖಪುಟ ಹೇಳಿಕೊಟ್ಟರು. ಇಡೀ ಪುಟ ಕಪ್ಪು, ನಡುವೆ ಪುಟ್ಟದಾಗಿ ಪಂಪಣ್ಣನವರ ಮುಖ, ಕೆಳಗೊಂದು ದೀಪ. ಚೆಲುವ ಹಾಗೇ ಮಾಡಿದ. ನೋಡಿದರು, ತಲೆದೂಗಿದರು, "ಪ್ರೆಸ್ಸಿಗೆ ಕಳಿಸು" ಅಂದು ಸಾವಿನ ಮನೆಗೆ ಹೊರಟರು.

ಅವರು ಮೆಟ್ಟಿಲಿಳಿದರು. ಚೆಲುವ ಪುಟ ನೋಡಿದ. ಅಯ್ಯೋ, ಎಷ್ಟೊಂದು ಖಾಲಿ! ಮೇಲೆ ಖಾಲಿ, ಕೆಳಗೆ ಖಾಲಿ, ಎಡ ಬಲ ಎಲ್ಲ ಖಾಲಿ! ಸಾಹೇಬರು ದುಃಖದಲ್ಲಿ ಮರೆತಿದ್ದಾರೆ ಪಾಪ ಅಂದುಕೊಂಡ. ತುಂಬಿದ. ಮೇಲೆ ಕುಣಿಯುವ ಹುಡುಗಿಯರು ಆರು, ಕೆಳಗೆ ಹಲ್ಲು ಬಿಟ್ಟು ನಗುವ ಹಾಸ್ಯನಟರು ನಾಲ್ವರು, ಎಡಕ್ಕೆ ಬಲೂನು, ಬಲಕ್ಕೆ ಮತಾಪು. ದೀಪದ ಪಕ್ಕದಲ್ಲೊಂದಿಷ್ಟು ಜಾಗ ಉಳಿಯಿತು, ಅಲ್ಲೊಂದು ತಟ್ಟೆ ಲಾಡು ಇಟ್ಟ. ಪ್ರೆಸ್ಸಿಗೆ ಕಳಿಸಿದ.

ಪತ್ರಿಕೆಯನ್ನು ಪಂಪಣ್ಣನವರ ಹೆಂಡತಿಯ ಕೈಗೆ ಅಶ್ವತ್ಥಯ್ಯನವರೇ ನೋಡದೆ ಕೊಟ್ಟರು. ಆಕೆ ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಶ್ವತ್ಥಯ್ಯನವರು ಆಮೇಲೆ ನೋಡಿದರು. ಆಫೀಸಿಗೆ ಬಂದು ಚೆಲುವನ ಮುಂದೆ ನಿಂತರು. ಬೈಗುಳ ಹುಡುಕಿದರು, ಸಿಗಲಿಲ್ಲ. ಕಡೆಗೆ "ಲಾಡು ಯಾಕೋ?" ಅಂದರು, ಅಷ್ಟೆ.

ಸಣ್ಣತಾಯಿ ಮಾತ್ರ ಆ ದಿನ ಮಗನನ್ನು ಹೊಸಿಲು ದಾಟಲು ಬಿಡಲಿಲ್ಲ.

"ಸತ್ತೋರ ಮನೆಯಾಗೆ ಹಲ್ಲು ಕಿಸ್ಯೋರನ್ನ ತಂದು ನಿಲ್ಲಿಸ್ತಾರೇನ್ಲಾ ಪಾಪಿ! ದೊಡ್ಡೋರು ನೋಡೋ ಪುಟ ಅದು! ಯಾವಳಾದ್ರೂ ಕಿಸಿತಾ ನಿಂತಿದ್ರೆ ಮೊದ್ಲು ಅವಳ ಬಾಯಿ ಮುಚ್ಚಿಸು! ಒಂದ್ ಹಲ್ಲೂ ಕಾಣ್ಬಾರ್ದು! ತಿಳೀತಾ?"

"ಕಿಸಿಯೋರ ಬಾಯಿ ಮುಚ್ಚಿಸೋದು. ಒಂದ್ ಹಲ್ಲೂ ಕಾಣ್ಬಾರ್ದು. ಆಯ್ತವ್ವ."

ಈ ಗಂಟನ್ನು ಬಿಗಿಯಾಗಿ ಹಾಕಿಕೊಂಡ. ಹಲ್ಲಿನಿಂದ ಎಳೆದು ಬಿಗಿದುಕೊಂಡ.

ಆ ಕೈಯ ಆಸೆಗೆ ಅಶ್ವತ್ಥಯ್ಯನವರು ಈ ಸಲವೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಹದಿನೈದು ದಿನ ಕಳೆಯಿತು. ಒಂದು ಸಂಜೆ ಚೆಲುವ ಮೊದಲ ಬಾರಿಗೆ ಬೈಸಿಕೊಳ್ಳದೆ ಮನೆಗೆ ಬಂದ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ.

"ಸಾಹೇಬ್ರು ಕೊಟ್ರು ಅವ್ವ. ಶಭಾಷ್ ಅಂದ್ರು."

"ಶಭಾಷಾ? ನಿಂಗಾ?"

"ಪತ್ರಿಕೆಗೆ ಐವತ್ತು ವರ್ಸ ಆಯ್ತಂತೆ. ಅದ್ಕೆ ಹಳೇ ಪೆಟ್ಟಿಗೆ ತೆಗೆದ್ರು. ಎಲ್ಲಕ್ಕಿಂತ ಜಾಸ್ತಿ ಮಾರಾಟ ಆದ ಹಳೇ ಮುಖಪುಟನೇ ಹಾಕ್ಬೇಕಂತೆ. ಅದ್ಯಾರೋ ಮಂದಾರಮಾಲಾ ಅಂತೆ, ನಾಲೆ ಮ್ಯಾಲೆ ಕೊಡ ಹೊತ್ಕಂಡವ್ಳೆ. ಆಗ ಕತ್ತರಿಸಿದ್ರಂತೆ, ಈ ಸಲ ಕತ್ತರಿಸೋದು ಬ್ಯಾಡ, ಹಿಂದಿನ ಹುಡುಗೀರೂ ಇರ್ಲಿ, ಹಳೇ ಕಾಲದ ಕಳೆ ಬತ್ತದೆ ಅಂದ್ರು."

ಸಣ್ಣತಾಯಿ ಅವನ ತೋಳು ಹಿಡಿದು ಕೂರಿಸಿದಳು. "ಹುಡುಗೀರು... ಎಂಟು ಜನಾನೂ ಅವ್ರಾ?"

"ಎಂಟೂ ಅವ್ರೆ."

"ಅವ್ರಲ್ಲಿ... ನನ್ನಂಗೆ ಯಾರಾದ್ರೂ ಕಂಡ್ರಾ ಮಗ?"

ಚೆಲುವ ಯೋಚಿಸಿದ. "ಇಲ್ಲವ್ವ. ನಿಂಗೆ ತಲೆ ನರೆತದೆ. ಅದ್ರಲ್ಲಿ ಎಲ್ಲಾ ಹುಡುಗೀರು."

"ಏನ್ ಮಾಡ್ದೆ ನೀನು ಅದಕ್ಕೆ?"

"ನೀನ್ ಹೇಳಿದಂಗೇ ಮಾಡ್ದೆ. ನನ್ ಬುದ್ಧಿ ಒಂದ್ ಚಿಟಿಕೆನೂ ಬೆರೆಸ್ನಿಲ್ಲ."

ಸಣ್ಣತಾಯಿಯ ಕಣ್ಣು ತುಂಬಿತು. ತಾನು ಏನೇನು ಹೇಳಿದ್ದೆ ಅಂತ ಅವಳಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಸಂತೋಷ ಬಂದಾಗ ಬುದ್ಧಿ ಹೊರಗೆ ಹೋಗಿ ನಿಲ್ಲುತ್ತದೆ, ಅದು ನಾಲೆಕೊಪ್ಪಲಿನ ಗಾಳಿ.

ಅಚ್ಚಾಗಿ ಬರಲು ಎಂಟು ದಿನ. ಆ ಎಂಟು ದಿನ ಅವಳು ಮೂವತ್ತಮೂರು ವರ್ಷಕ್ಕಿಂತ ಉದ್ದ ಕಾದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಎಮ್ಮೆಗೆ ಹುಲ್ಲು ಹಾಕಿ ಬಂದು, ಹಾಕಿದೆನೋ ಇಲ್ಲವೋ ಅಂತ ಮತ್ತೆ ಹಾಕಿದಳು. ಎಮ್ಮೆ ಬೇಡ ಅನ್ನಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾಲೆಯ ಏರಿ ಮೇಲೆ ಹೋಗಿ, ಬಗ್ಗಿ, ನೀರಿನಲ್ಲಿ ನಕ್ಕು ನೋಡಿದಳು. ಹೀಗಿತ್ತೇ? ಹೀಗೋ? ನೀರು ಹರಿಯುತ್ತಿತ್ತು. ಮುಖವನ್ನು ಒಂದು ಕಡೆ ನಿಲ್ಲಲು ಬಿಡಲಿಲ್ಲ.

"ಏನ್ ಮೊಣಕೈ, ನೀರ್ ತಾವ ಮಾತಾಡ್ತಿದ್ದೀಯಾ?" ಅಂತ ದನ ಹೊಡೆದುಕೊಂಡು ಬಂದ ಜವರೇಗೌಡ ಕೇಳಿದ.

"ಇನ್ನ ನಾಕು ದಿನ ತಡ್ಕಳಣ್ಣೋ! ಆಮ್ಯಾಕೆ ಮೊಣಕೈ ಅನ್ನೋಕೆ ಬಾಯಿ ಬರಾಕಿಲ್ಲ ನಿಂಗೆ!" ಅಂದಳು ಸಣ್ಣತಾಯಿ.

ಎಂಟನೆಯ ದಿನ ಸಂಜೆ ಬಸ್ ಸ್ಟಾಪಿಗೇ ಹೋಗಿ ನಿಂತಳು. ಬಸ್ಸು ಬಂತು. ಚೆಲುವ ಇಳಿದ. ಅವನ ಕಂಕುಳಲ್ಲಿ ತಾರಾಬುಟ್ಟಿ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಇಸಿದುಕೊಂಡಳು.

ನಾಲೆ ಇತ್ತು. ಏರಿ ಇತ್ತು. ಮಂದಾರಮಾಲಾ ಇದ್ದಳು. ಅವಳ ಹಿಂದೆ ಬಾಯಿಗೆ ಸೆರಗು ಹಿಡಿದ ಏಳು ಹುಡುಗಿಯರು. ಆ ಏಳು ಜನರ ನಡುವೆ, ಕೊಡದಿಂದ ನೀರು ತುಳುಕಿಸಿಕೊಂಡು, ಕತ್ತು ಹಿಂದಕ್ಕೆ ಎಸೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು ಹತ್ತೊಂಬತ್ತರ ಸಣ್ಣತಾಯಿ! ಕತ್ತರಿ ಇಲ್ಲ. ತಲೆಯಿಂದ ಕಾಲಿನವರೆಗೆ ಇಡೀ ಸಣ್ಣತಾಯಿ!

ಬಾಯಿ ಮಾತ್ರ ಮುಚ್ಚಿತ್ತು.

ಹೇಗೆ ಮುಚ್ಚಿತ್ತು! ಹುಟ್ಟಿದಾಗಿನಿಂದ ತೆರೆದೇ ಇಲ್ಲ ಅನ್ನುವ ಹಾಗೆ ಮುಚ್ಚಿತ್ತು. ಒಂದು ಗೆರೆ ಇಲ್ಲ, ಒಂದು ಗುರುತಿಲ್ಲ. ಅಂಥ ಕೈ ಇನ್ನೊಂದಿಲ್ಲ ಅಂತ ಹೇಳಲಿಲ್ಲವೆ?

"ಮಗ" ಅಂದಳು ಸಣ್ಣತಾಯಿ. ಬೆರಳನ್ನು ಚಿತ್ರದ ಆ ಬಾಯಿಯ ಮೇಲಿಟ್ಟಳು. "ಇವಳು ನಗ್ತಾ ಇರ್ಲಿಲ್ವೇನ್ಲಾ?"

"ನಗ್ತಿದ್ಲು ಅವ್ವ! ಎಂಟು ಜನದಾಗೆ ಇವಳೊಬ್ಳೇ ಕಿಸಿತಾ ನಿಂತಿದ್ಲು. ನೀನ್ ಹೇಳಿದ್ದು ನೆಪ್ಪಾಯ್ತು. ಮುಚ್ಚಿಸ್ದೆ." ಚೆಲುವ ಟವೆಲ್ಲಿನ ಗಂಟು ತೋರಿಸಿದ.

"ಆ ಹಳೇ ಫೋಟೋ?"

"ಸ್ಕ್ಯಾನ್ ಮಾಡೋ ಗಾಜಿಗೆ ಅಂಟ್ಕಂಬುಡ್ತು. ಮೂವತ್ತು ವರ್ಸದ ಕಾಗದ ನೋಡು. ಎತ್ತಿದ್ರೆ ಹಪ್ಪಳದಂಗೆ ಪುಡಿಯಾಯ್ತು."

"ಕಂಪ್ಯೂಟರ್‌ನಾಗೆ? ಮುಚ್ಚಕ್ಕೆ ಮುಂಚಿಂದು?"

"ಅದರ ಮ್ಯಾಲೇ ಸೇವ್ ಮಾಡ್ದೆ ಅವ್ವ. ಕಿಸಿಯೋದು ಒಳಗೂ ಇರ್ಬಾರ್ದು ಅಂತ."

ಸಣ್ಣತಾಯಿ ಬೈಯಲಿಲ್ಲ. ಕುಂಬಳಕಾಯಿ ಅನ್ನಲಿಲ್ಲ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಳು. ಮೂಗೊರೆಸಿಕೊಂಡಳು. ಆಮೇಲೆ ಅವಳಿಗೆ ಏನೋ ಹೊಳೆಯಿತು. ಆ ಫೋಟೋದವನು ಈಗ ಇದ್ದಾನೋ ಇಲ್ಲವೋ. ಅಶ್ವತ್ಥಯ್ಯನವರು ನಾಯಕಿಯನ್ನು ಬಿಟ್ಟು ಬೇರೆ ಯಾರನ್ನೂ ಕಣ್ಣೆತ್ತಿ ನೋಡುವವರಲ್ಲ. ಈ ಲೋಕದಲ್ಲಿ ಆ ನಗುವನ್ನು ಸರಿಯಾಗಿ ನೋಡಿದವನು ಇವನೊಬ್ಬ!

"ಇಲ್ ಬಾ. ನೀನು ನೋಡ್ದೆ ತಾನೆ? ಹೇಳು. ಹೆಂಗಿತ್ತು?"

"ಏನು ಅವ್ವ?"

"ಅವಳ ನಗು."

ಚೆಲುವನಿಗೆ ಕೇಳಿದ್ದಕ್ಕೆ ಕೇಳಿದಷ್ಟೇ ಹೇಳಿ ಅಭ್ಯಾಸ. "ಮ್ಯಾಲೆ ಎಂಟು ಹಲ್ಲು. ಕೆಳಗೆ ಆರು. ಒಟ್ಟು ಹದಿನಾಕು. ಒಂದೊಂದಾಗಿ ಮುಚ್ಚಿದೆ. ಎರಡು ಗಂಟೆ ಹಿಡೀತು. ಎಡಗಡೆ ಒಂದು ಹಲ್ಲು ಇನ್ನೊಂದರ ಮ್ಯಾಲೆ ಹತ್ಕಂಡಿತ್ತು, ಅದು ಮುಚ್ಚಾಕೆ ಬಲೇ ಕಷ್ಟ."

"ಇನ್ನಾ?"

"ತುಟಿ ಬಲಗಡೆ ವಸಿ ಜಾಸ್ತಿ ಮ್ಯಾಲಕ್ಕೋಗಿತ್ತು. ಗಲ್ಲದ ಮ್ಯಾಲೆ ಒಂದು ಹನಿ ನೀರಿತ್ತು."

"ಇನ್ನಾ ಮಗ?"

"ಅಷ್ಟೆ ಅವ್ವ. ಹದಿನಾಕೇ."

"ಹಂಗಾದ್ರೆ ನಕ್ಕು ತೋರ್ಸು. ಅವಳು ನಕ್ಕಂಗೇ. ಒಂಚೂರೂ ಹೆಚ್ಚು ಕಮ್ಮಿ ಮಾಡ್ಬ್ಯಾಡ."

ಚೆಲುವ ಟವೆಲ್ಲು ಹೆಗಲಿಗೆ ಹಾಕಿಕೊಂಡ. ಕತ್ತು ಹಿಂದಕ್ಕೆ ಎಸೆದ. ಕಣ್ಣು ಕಿರಿದು ಮಾಡಿದ. ಬಲಗಡೆಯ ತುಟಿಯನ್ನು ವಸಿ ಮೇಲಕ್ಕೆ ಎತ್ತಿದ. ಮೇಲೆ ಎಂಟು, ಕೆಳಗೆ ಆರು, ಲೆಕ್ಕ ಮಾಡಿ ತೆರೆದ. ಮುಖಪುಟ ಮಾಡುವಷ್ಟೇ ಮನಸ್ಸಿಟ್ಟು ಮಾಡಿದ. ಎಡಗಡೆ ಅವನದೂ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಕೂತಿತ್ತು.

ಸಣ್ಣತಾಯಿ ನೋಡಿದಳು. ನೋಡಿಯೇ ನೋಡಿದಳು. ಬಸ್ಸು ಹೊರಟು ಹೋಯಿತು, ಧೂಳು ಎದ್ದಿತು, ಧೂಳು ಕೂತಿತು. ಅವಳ ಕೈ ತನ್ನ ಬಾಯಿಯ ಮೇಲೆ ಹೋಯಿತು.

"ಅಂಗೇ ಇರು" ಅಂದಳು. "ಅಂಗೇ ಇರು ಮಗ. ಮುಚ್ಬ್ಯಾಡ."

ಅವ್ವ ಹೇಳಿದ ಮೇಲೆ ಮುಗಿಯಿತು.

ಚೆಲುವ ಮುಚ್ಚಲಿಲ್ಲ. ಅದೇ ನಗುವಿನಲ್ಲಿ ಮನೆಗೆ ನಡೆದ. ಅದೇ ನಗುವಿನಲ್ಲಿ ಉಂಡ. ಮುದ್ದೆ ಹೇಗಿದ್ದರೂ ಅಗಿಯುವ ವಸ್ತುವಲ್ಲ, ನುಂಗುವುದು ತಾನೆ. ಸಾರು ಗಲ್ಲಕ್ಕೆ ಇಳಿಯಿತು, ಸಣ್ಣತಾಯಿ ಒರೆಸಿದಳು. ಬೆಳಗ್ಗೆ ಅದೇ ನಗುವಿನಲ್ಲಿ ಬಸ್ಸು ಹತ್ತಿದ. ಕಂಡಕ್ಟರು ಹೆದರಿಕೊಂಡು ಮುಂದಿನ ಸೀಟು ಬಿಟ್ಟುಕೊಟ್ಟ. ಅಶ್ವತ್ಥಯ್ಯನವರು, "ಯಾಕೋ ಹಲ್ಲು ಬಿಡ್ತೀಯ? ಬಾಯಿ ಮುಚ್ಚೋ!" ಅಂತ ಗದರಿದರು. ಮಾತಾಡಿದರೆ ತುಟಿ ಸೇರುತ್ತದಲ್ಲ! ಚೆಲುವ ಒಂದು ಚೀಟಿಯಲ್ಲಿ 'ಅವ್ವ ಮುಚ್ಚಬೇಡ ಅಂದವಳೆ' ಅಂತ ಬರೆದು ಕೊಟ್ಟ.

ಇವತ್ತಿಗೆ ನಾಲ್ಕನೆಯ ದಿನ. ದವಡೆ ನೋಯುತ್ತಿದೆ, ಬಾಯಿಗೆ ನೊಣ ನುಗ್ಗುತ್ತಿವೆ. ಆದರೂ ಹದಿನಾಲ್ಕು ಹಲ್ಲಿನಲ್ಲಿ ಒಂದನ್ನೂ ಅವನು ಕಮ್ಮಿ ಮಾಡಿಲ್ಲ. ಸಂಜೆಯಾದರೆ ಸಣ್ಣತಾಯಿ ಬಸ್ ಸ್ಟಾಪಿಗೆ ಬೇಗ ಹೋಗಿ ನಿಲ್ಲುತ್ತಾಳೆ. ದೂರದ ತಿರುವಿನಲ್ಲಿ ಬಸ್ಸು ಕಾಣುತ್ತದೆ, ಕಿಟಕಿಯಲ್ಲಿ ಆ ನಗು ಕಾಣುತ್ತದೆ.

"ಅವ್ನಿಗೆ ಸಾಕು ಅನ್ನಮ್ಮಿ, ಪಾಪ!" ಅನ್ನುತ್ತಾರೆ ಊರವರು.

"ಅಂತೀನಿ, ಅಂತೀನಿ" ಅನ್ನುತ್ತಾಳೆ ಸಣ್ಣತಾಯಿ.

ಇನ್ನೂ ಅಂದಿಲ್ಲ.